ಬೂದಿಯ ಬಾಣಂತನಕ್ಕೆ ಏಳು ಮನೆ

ನಾನು ಯಾವುದಕ್ಕೆ ತಯಾರಿ ಮಾಡಿಕೊಳ್ಳುತ್ತೇನೋ ಅದು ನನ್ನ ತಯಾರಿಯ ಕಡೆ ತಿರುಗಿಯೂ ನೋಡದೆ ಬೇರೆ ಬಾಗಿಲಿನಿಂದ ಬಂದು ಹೋಗಿರುತ್ತದೆ. ನನ್ನ ಬದುಕಿನಲ್ಲಿ ತಪ್ಪದೆ ನಡೆಯುವ ಕಾರ್ಯಕ್ರಮ ಇದೊಂದೇ. ನಾನು ಕೆಲಸ ಮಾಡುತ್ತಿದ್ದ ಪುಸ್ತಕ ಬೈಂಡಿಂಗ್ ಕಾರ್ಖಾನೆಯಲ್ಲಿ ಮುಷ್ಕರಕ್ಕೆಂದು ಆರು ತಿಂಗಳು ಜನ ಕೂಡಿಸಿದೆ. ಮುಷ್ಕರದ ಹಿಂದಿನ ದಿನ ಮಾಲೀಕ ಕಾರ್ಖಾನೆಯನ್ನೇ ಮುಚ್ಚಿದ. ಮಂತ್ರಿಗೆ ಕಪ್ಪು ಬಾವುಟ ತೋರಿಸಲು ಬಿಸಿಲಲ್ಲಿ ನಿಂತೆ. ಮಂತ್ರಿ ಇನ್ನೊಂದು ರಸ್ತೆಯಲ್ಲಿ ಹೋದ, ಬಾವುಟ ನೋಡಿದ್ದು ಎಳನೀರಿನವನು ಮಾತ್ರ. ನಾಲ್ಕನೇ ಕ್ಲಾಸಿಗೆ ನನ್ನ ಶಾಲೆ ಬಿಡಿಸಿದರು. ಆಮೇಲೆ ಓದಿದ್ದೆಲ್ಲ ಕಾರ್ಖಾನೆಗೆ ಮಡಿಸಲು ಬರುತ್ತಿದ್ದ ಅಚ್ಚಾದ ಹಾಳೆಗಳಿಂದ, ಒಂದು ಹಾಳೆಗೆ ಹದಿನಾರು ಪುಟ. ಹಾಗಾಗಿ ನೂರಾರು ಪುಸ್ತಕಗಳ ನಡುವಿನ ಹದಿನಾರು ಪುಟ ನನಗೆ ಬಾಯಿಪಾಠ. ಯಾವುದು ಹೇಗೆ ಮುಗಿಯುತ್ತದೆ ಅನ್ನುವುದು ಮಾತ್ರ ಗೊತ್ತಿಲ್ಲ.

ಈ ಸಲ ನಾನು ತಯಾರಿ ಮಾಡಿಕೊಂಡದ್ದು ಒಂದು ಬೆಕ್ಕಿನ ಹೆರಿಗೆಗೆ.

೧. ತೆಂಗಿನಮರದ ಮೋರಿ

ನಮ್ಮದು ಚಾಮರಾಜಪೇಟೆಯ ಒಂದು ಹಳೆಯ ವಠಾರ. ಏಳು ಮನೆ, ಒಂದು ನಲ್ಲಿ, ಒಂದು ಗೇಟು. ರಸ್ತೆಗೆ ಮುಖ ಮಾಡಿರುವ ದೊಡ್ಡ ಮನೆ ವಠಾರದ ಯಜಮಾನರದು, ಚಿಕ್ಕಪೇಟೆಯಲ್ಲಿ ಸೀರೆಯ ಸಗಟು ವ್ಯಾಪಾರ. ಹಿಂದಿನ ಆರು ಬಾಡಿಗೆ ಮನೆಗಳಲ್ಲಿ ಕಟ್ಟಕಡೆಯದು ನನ್ನದು. ಬೂದಿ ಯಾರ ಬೆಕ್ಕೂ ಅಲ್ಲ. ಬೂದಿ ಬಣ್ಣ ಇರುವುದರಿಂದ ಬೂದಿ. ಊಟ ಏಳು ಮನೆಯಲ್ಲಿ, ನಿದ್ದೆ ನನ್ನ ಕಿಟಕಿಯಲ್ಲಿ.

ಹೋದ ಸಲ ಬೂದಿ ಯಜಮಾನರ ಮೆಟ್ಟಿಲ ಕೆಳಗೆ ಮೂರು ಮರಿ ಹಾಕಿತ್ತು. ಅವರ ಮನೆಯಲ್ಲಿ ಏನೋ ಪೂಜೆ, ಮೆಟ್ಟಿಲಿಗೆ ಫಿನಾಯಿಲ್ ಸುರಿದು ತೊಳೆಸಿದರು. ಬೂದಿ ಒಂದೊಂದೇ ಮರಿಯನ್ನು ಕುತ್ತಿಗೆಯಲ್ಲಿ ಕಚ್ಚಿಕೊಂಡು ಗೇಟು ದಾಟಿತು. ಗೇಟಿನ ಎದುರಿಗೇ ಮೋರಿ, ಅಲ್ಲಿ ಮಾತ್ರ ಒಂದು ಚಪ್ಪಡಿ ಇಲ್ಲದೆ ಸಂದು ಬಿಟ್ಟಿದೆ. ಎರಡು ಮರಿ ಅದರೊಳಗೆ ಹೋದವು. ಮೂರನೆಯದನ್ನು ಬಾಯಲ್ಲಿ ಹಿಡಿದುಕೊಂಡೇ ಅಂಚಿನಲ್ಲಿ ಅರ್ಧ ದಿನ ಕೂತಿತ್ತು. ಅದೂ ಉಳಿಯಲಿಲ್ಲ.

ನಾನು ಹಲಗೆ ಹಾಕಿದೆ. ಹೂಳು ತೆಗೆಯಲು ಬಂದವರು ಅದನ್ನು ತೆಗೆದು ಬದಿಗಿಟ್ಟರು, ಬದಿಗಿಟ್ಟದ್ದನ್ನು ಯಾರೋ ಒಲೆಗೆ ಒಯ್ದರು. ಇನ್ನೊಂದು ಹಾಕಿದೆ, ಅದರ ಮೇಲೆ ಗೂಡ್ಸ್ ಆಟೋ ಹತ್ತಿತು. ಈಗ ಬೂದಿ ಮತ್ತೆ ಬಸುರಿ. ಈ ಸಲ ಒಂದು ಮರಿಯೂ ಆ ಮೋರಿಗೆ ಹೋಗಬಾರದು. ನನಗೆ ಬೇಕಿದ್ದದ್ದು ಅಷ್ಟೇ. ನಾನು ಕ್ರಾಂತಿ ಕೇಳಲಿಲ್ಲ, ಒಂದು ಚಪ್ಪಡಿ ಕೇಳಿದೆ.

ವಾರ್ಡ್ ಆಫೀಸಿಗೆ ಹನ್ನೊಂದು ಅರ್ಜಿ ಕೊಟ್ಟೆ. ಕೊನೆಯದನ್ನು ಮೊಬೈಲಿನಲ್ಲಿ ಹಾಕಿ ಅಂದರು, ಹಾಕಿದೆ. ಎರಡೇ ದಿನದಲ್ಲಿ ಉತ್ತರ ಬಂತು: ಕೆಲಸ ಪೂರ್ಣಗೊಂಡಿದೆ, ಫೋಟೋ ಲಗತ್ತಿಸಿದೆ. ಫೋಟೋದಲ್ಲಿ ಅಚ್ಚುಕಟ್ಟಾಗಿ ಚಪ್ಪಡಿ ಹಾಕಿದ ಮೋರಿ, ಪಕ್ಕದಲ್ಲಿ ತೆಂಗಿನಮರ. ನಮ್ಮ ರಸ್ತೆಯಲ್ಲಿ ತೆಂಗಿನಮರವೇ ಇಲ್ಲ. ಮೊಬೈಲ್ ಹಿಡಿದು ವಾರ್ಡ್ ಆಫೀಸಿಗೆ ಹೋದೆ. ಅಲ್ಲಿನ ಇಂಜಿನಿಯರು ಬಹಳ ಮರ್ಯಾದಸ್ಥ. ಕೂಗಾಡುವವರ ಜೊತೆ ಜಗಳ ಆಡಬಹುದು. ಕುರ್ಚಿ ಕೊಟ್ಟು ಕೂರಿಸುವವರ ಎದುರು ನನ್ನ ಆಟ ನಡೆಯುವುದಿಲ್ಲ. ಇದು ನಮ್ಮ ಮೋರಿಯಲ್ಲ ಅಂದೆ. ಅವರು ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ತೆಂಗಿನಮರ ಅವರಿಗೂ ಕಾಣಿಸಿತು.

"ಹೌದಕ್ಕ, ಇದು ನಿಮ್ಮದಲ್ಲ," ಅಂದರು, ಸ್ವಲ್ಪವೂ ನಾಚಿಕೆ ಇಲ್ಲದೆ. "ಆದ್ರೆ ಫೋಟೋ ಚೆನ್ನಾಗಿ ಬಂದಿದೆ ಅಲ್ವಾ? ಅದಕ್ಕೆ ಎಲ್ಲರಿಗೂ ಇದನ್ನೇ ಹಾಕ್ತಿದೀವಿ."

೨. ಹೊರರೋಗಿ ಚೀಟಿ

ಸರ್ಕಾರ ಚಪ್ಪಡಿ ಕೊಡದಿದ್ದರೆ ಬೇಡ, ಬುದ್ಧಿಯಾದರೂ ಕೊಡಲಿ ಎಂದು ಬೂದಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಸರ್ಕಾರಿ ಪಶು ಆಸ್ಪತ್ರೆಗೆ ಹೋದೆ. ಹೆರಿಗೆಗೆ ಏನೇನು ಜೋಡಿಸಿಕೊಳ್ಳಬೇಕು ಅಂತ ತಿಳಿಯಬೇಕಿತ್ತು. ಬಾಗಿಲಲ್ಲಿ ಚೀಟಿ ಬರೆಯುವ ಗುಮಾಸ್ತ ಮಾಲೀಕರ ಹೆಸರು ಕೇಳಿದ.

ಮಾಲೀಕರು ಯಾರೂ ಇಲ್ಲ ಅಂದೆ. ಹಾಗಿದ್ದರೆ ಚೀಟಿ ಇಲ್ಲ ಅಂದ. ನಾನು ಜೊತೆಗೆ ಬಂದವಳು ಅಂತ ಬರಿ ಅಂದೆ. ಅಂಥ ಕಾಲಂ ಇಲ್ಲ ಅಂದ. ಒಂದು ಜೀವಕ್ಕೆ ಇನ್ನೊಂದು ಜೀವ ಮಾಲೀಕ ಆಗುವುದನ್ನು ವಿರೋಧಿಸಿ ನಲವತ್ತು ವರ್ಷ ಕೂಗಿದವಳು ನಾನು, ಸುಮ್ಮನೆ ಹೆಸರು ಬರೆಸಿಕೊಂಡು ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಮನುಷ್ಯ ಕೂಲಿಯಾಳನ್ನು ಹೇಗೆ ಆಳುತ್ತಾನೆ, ಗಂಡ ಹೆಂಡತಿಯನ್ನು ಹೇಗೆ ಆಳುತ್ತಾನೆ ಅಂತ ಅಲ್ಲೇ ನಿಂತು ವಿವರಿಸಿದೆ. ನನ್ನ ಹಿಂದೆ ಒಂದು ಮೇಕೆ, ಎರಡು ನಾಯಿ, ಒಂದು ಗಿಳಿ ಸಾಲಿನಲ್ಲಿದ್ದವು. ಅವುಗಳ ಮಾಲೀಕರೆಲ್ಲ ನನ್ನನ್ನು ದುರುಗುಟ್ಟಿ ನೋಡಿದರು. ಮೇಕೆ ಮಾತ್ರ ಗಮನವಿಟ್ಟು ಕೇಳಿತು.

ಗುಮಾಸ್ತನೂ ಬಿಡುವವನಲ್ಲ. "ಅಮ್ಮಾ, ಇಬ್ರಲ್ಲಿ ಒಬ್ರು ಮಾಲೀಕರು, ಒಬ್ರು ಪ್ರಾಣಿ. ಯಾರ್ಯಾರು ಅಂತ ನೀವೇ ಹೇಳ್ಬಿಡಿ, ಹಂಗೇ ಬರ್ಕೋತೀನಿ," ಅಂದ. ಸಿಟ್ಟಿನಲ್ಲಿ ಹೇಳಿಬಿಟ್ಟೆ. ಅವನು ಬರೆದೂಬಿಟ್ಟ.

ಡಾಕ್ಟರಮ್ಮ ಒಳ್ಳೆಯವರು. ಬೂದಿಯ ಹೊಟ್ಟೆ ಮುಟ್ಟಿ ನೋಡಿ ಇನ್ನೊಂದು ವಾರ ಇರಬಹುದು ಅಂದರು. ರಟ್ಟಿನ ಪೆಟ್ಟಿಗೆ, ಹಳೇ ಬಟ್ಟೆ, ಹತ್ತಿರದಲ್ಲಿ ನೀರು, ಊಟ. ಬೆಳ್ಳುಳ್ಳಿ ಈರುಳ್ಳಿ ಬೆಕ್ಕಿಗೆ ವಿಷ. ಮರಿಯನ್ನು ಎಳೆಯಬಾರದು, ಹೊಕ್ಕುಳಬಳ್ಳಿ ಕತ್ತರಿಸಬಾರದು, ಅದೇ ಎಲ್ಲ ಮಾಡಿಕೊಳ್ಳುತ್ತದೆ. ನೋವು ಶುರುವಾಗಿ ಗಂಟೆಗಟ್ಟಲೆ ತಿಣುಕಿದರೂ ಮರಿ ಬರದಿದ್ದರೆ ಮಾತ್ರ ಕರೆದುಕೊಂಡು ಬನ್ನಿ ಅಂದರು. ಹಾಗಾದರೆ ನಾನು ಏನು ಮಾಡಬೇಕು ಅಂತ ಕೇಳಿದೆ.

"ಏನೂ ಮಾಡ್ಬೇಡಿ. ಜನ ದೂರ ಇದ್ರೆ ಸಾಕು. ಸದ್ದಿಲ್ಲದ ಜಾಗ ನೋಡಿ ಅದೇ ಹಾಕ್ಕೊಳ್ಳುತ್ತೆ."

ಏನೂ ಮಾಡಬೇಡಿ! ಈ ದೇಶದಲ್ಲಿ ಯಾವ ಇಲಾಖೆಗೆ ಹೋದರೂ ನನಗೆ ಸಿಕ್ಕಿರುವುದು ಇದೇ ಸಲಹೆ. ಮನೆಗೆ ಬಂದು ಚೀಟಿ ತೆಗೆದು ನೋಡಿದೆ. ಮಾಲೀಕರು: ಬೂದಿ, ಚಾಮರಾಜಪೇಟೆ. ಪ್ರಾಣಿಯ ಕಾಲಂನಲ್ಲಿ ನನ್ನ ಹೆಸರು, ವಯಸ್ಸು ಅರವತ್ತೊಂದು. ಅದರ ಕೆಳಗೆ, ಸ್ವಭಾವ: ಕಚ್ಚಬಹುದು.

೩. ಬ್ಯಾನರ್ ಬಟ್ಟೆ

ಪೆಟ್ಟಿಗೆ ಸಿಕ್ಕಿತು. ಹಳೇ ಬಟ್ಟೆ ಸಿಗಲಿಲ್ಲ. ಮೆತ್ತನೆಯ ಹತ್ತಿ ಬಟ್ಟೆ ಈಗ ಯಾರ ಮನೆಯಲ್ಲಿದೆ? ಎಲ್ಲರದೂ ಜಾರುವ ಸೀರೆ. ನನ್ನ ಟ್ರಂಕಿನಲ್ಲಿ ಇದ್ದದ್ದು ಒಂದೇ ಹತ್ತಿ, ಇಪ್ಪತ್ತು ವರ್ಷದ ಮೆರವಣಿಗೆಗಳ ಬ್ಯಾನರುಗಳು. ಒಗೆದು ಒಗೆದು ಮಗುವಿನ ದುಪ್ಪಟಿಯಷ್ಟು ಮೆತ್ತಗಾಗಿದ್ದವು. ಕನಿಷ್ಠ ಕೂಲಿಯನ್ನು ಕೆಳಗೆ ಹಾಸಿದೆ, ಅದರ ಮೇಲೆ ಹೆರಿಗೆ ರಜೆ ಹಾಸಿದೆ. ಆ ಹೆರಿಗೆ ರಜೆ ಕಾರ್ಖಾನೆಯಲ್ಲಿ ಒಬ್ಬ ಹೆಂಗಸಿಗೂ ಸಿಗಲಿಲ್ಲ. ಬೆಕ್ಕಿಗಾದರೂ ಸಿಗಲಿ ಅಂದುಕೊಂಡೆ.

ಆಗ ವಠಾರದಲ್ಲೇ ನನ್ನ ಎದುರು ಮನೆಯ ಅಜ್ಜಿ ಬಂದಳು. ಈ ಅಜ್ಜಿ ನಮ್ಮ ಬೀದಿಯ ಅರ್ಧ ಹೆಣ್ಣುಮಕ್ಕಳ ಬಾಣಂತನ ಮಾಡಿದವಳು. ಎಂಬತ್ತು ದಾಟಿದೆ, ಈಗ ಯಾರೂ ಕರೆಯುವುದಿಲ್ಲ, ಎಲ್ಲರೂ ಆಸ್ಪತ್ರೆಯಿಂದ ನೇರ ಮನೆಗೆ ಬಂದು ಫ್ಯಾನ್ ಕೆಳಗೆ ಮಲಗುತ್ತಾರೆ ಅನ್ನುವ ಸಿಟ್ಟು ಅವಳಿಗೆ. ಬೂದಿಯ ಸುದ್ದಿ ಕೇಳಿದ್ದೇ ಅವಳಿಗೆ ಹರೆಯ ಬಂತು. ಬರುವಾಗಲೇ ಮಡಿಲಲ್ಲಿ ಬೆಳ್ಳುಳ್ಳಿ, ಓಮ, ಒಣಶುಂಠಿ, ಸಾಂಬ್ರಾಣಿ, ಕಿವಿಗೆ ಇಡಲು ಅರಳೆ.

ಬೆಳ್ಳುಳ್ಳಿ ವಿಷ ಅಂತ ಡಾಕ್ಟರ್ ಹೇಳಿದ್ದಾರೆ ಅಂದೆ.

"ಆ ಡಾಕ್ಟರು ಎಷ್ಟು ಹೆತ್ತಿದ್ದಾಳಂತೆ?"

"ಒಂದೂ ಇಲ್ಲವೇನೋ."

"ಬೆಕ್ಕು?"

"ಹೋದ ಸಲ ಮೂರು."

"ಮತ್ತೆ ಯಾರ ಮಾತು ಕೇಳ್ಬೇಕು ನೀನೇ ಹೇಳು," ಅಂದಳು ಅಜ್ಜಿ. ಆದರೂ ಬೆಳ್ಳುಳ್ಳಿ ಕಿತ್ತುಕೊಂಡೆ. ಅರಳೆಯನ್ನೂ ಕಿತ್ತುಕೊಂಡೆ. ಸಾಂಬ್ರಾಣಿಯನ್ನು ಕಿತ್ತುಕೊಳ್ಳಲು ಆಗಲಿಲ್ಲ. ನಾನು ನಲ್ಲಿಗೆ ಹೋಗಿ ಬರುವುದರೊಳಗೆ ಅಜ್ಜಿ ಕೆಂಡದ ಮೇಲೆ ಒಂದು ಹಿಡಿ ಸುರಿದು, ಪೆಟ್ಟಿಗೆಯ ಮೇಲೆ ಬುಟ್ಟಿ ಕವುಚಿ, ಹಾಸಿಗೆಗೆ ಹೊಗೆ ಹಿಡಿಸುತ್ತಿದ್ದಳು. ಬೂದಿ ಕಿಟಕಿಯಿಂದ ಹಾರಿ ಹೆಂಚಿನ ಮೇಲೆ ಹೋಗಿ ಕೂತಿತು. ಎರಡು ದಿನ ಇಳಿಯಲಿಲ್ಲ. ಎರಡು ದಿನವೂ ನಾನು ಏಣಿ ಹಾಕಿ ಊಟ ಏರಿಸಿದೆ.

ಬೆಕ್ಕು ಓಡಿದ್ದರ ಬಗ್ಗೆ ಅಜ್ಜಿಗೆ ಒಂದು ಚೂರೂ ಬೇಸರವಿಲ್ಲ. ಹೊಗೆ ತುಂಬಿದ ಕೋಣೆಯಲ್ಲಿ ಕೆಮ್ಮುತ್ತಾ ನಿಂತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪರವಾಗಿಲ್ಲ, ವ್ಯರ್ಥ ಆಗಿಲ್ಲ. ನಿನ್ನ ಸೊಂಟ ನೋವಿಗೆ ಒಳ್ಳೇದು, ಕೂತ್ಕೋ," ಅಂದಳು.

೪. ಹನ್ನೊಂದು ತಿಂಗಳ ಕರಾರು

ಅಜ್ಜಿ ಹೇಳಿದ ಒಂದು ಮಾತು ಮಾತ್ರ ನನ್ನ ನಿದ್ದೆ ಕೆಡಿಸಿತು. ಬೆಕ್ಕು ಹೆತ್ತ ಮೇಲೆ ಮರಿಗಳನ್ನು ಏಳು ಮನೆ ತಿರುಗಿಸುತ್ತದಂತೆ. ಇದು ಎಲ್ಲರಿಗೂ ಗೊತ್ತಿರುವ ನಂಬಿಕೆ. ನನಗೆ ನಂಬಿಕೆಗಳ ಮೇಲೆ ನಂಬಿಕೆ ಇಲ್ಲ. ಆದರೆ ಹೋದ ಸಲ ಬೂದಿ ಗೇಟು ದಾಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಲೆಕ್ಕ ಹಾಕಿದೆ: ವಠಾರದಲ್ಲಿ ಸರಿಯಾಗಿ ಏಳು ಮನೆ. ಏಳರಲ್ಲೂ ಒಂದೊಂದು ಪೆಟ್ಟಿಗೆ ಇಟ್ಟರೆ ಬೂದಿ ವಠಾರದೊಳಗೇ ಸುತ್ತು ಮುಗಿಸುತ್ತದೆ, ಮೋರಿ ದಾಟುವ ಪ್ರಸಂಗವೇ ಬರುವುದಿಲ್ಲ. ಇಷ್ಟು ಚಂದದ ಯೋಜನೆ ನನ್ನ ತಲೆಗೆ ಹೊಳೆದಾಗಲೇ ನಾನು ಹೆದರಬೇಕಿತ್ತು.

ಮನೆಮನೆಗೆ ಹೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದೆ. ಜನರನ್ನು ಕೆಂಪು ಬಾವುಟದ ಸಂಘಕ್ಕೆ ಸೇರಿಸುವಾಗ ಬಾರದ ತಕರಾರು ಇಲ್ಲಿ ಬಂತು. ಒಬ್ಬರು ಏಕಾದಶಿ ದಿನ ಬೇಡ ಅಂದರು. ಒಬ್ಬರು ಬೆಕ್ಕು ಮೀನು ತಿಂದು ಬರಬಾರದು ಅಂದರು. ಮೂರನೇ ಮನೆಯ ನಿವೃತ್ತ ಗುಮಾಸ್ತರು ಪತ್ರದ ಮೂರು ಪ್ರತಿ ಕೇಳಿದರು. ಹೇಗೋ ಆರು ಸಹಿ ಆಯಿತು. ಉಳಿದದ್ದು ಏಳನೆಯದು, ಯಜಮಾನರ ಮನೆ.

ಅವರ ಮುಂದಿನ ಹಾಲಿನಲ್ಲಿ ನೆಲದ ಮೇಲೆ ಒಂದು ಬಿಳಿ ಗಾದಿ ಇದೆ, ಅಂಗಡಿಯಲ್ಲಿರುವ ಥರದ್ದೇ. ಬಿಳಿ ಹೊದಿಕೆ, ಒರಗಲು ಲೋಡು. ಅದರ ಮೇಲೆ ಅವರೊಬ್ಬರೇ ಕೂರುವುದು. ಹೆಂಡತಿ ಮಕ್ಕಳೂ ಅದನ್ನು ತುಳಿಯದೆ ಸುತ್ತು ಹಾಕಿ ಓಡಾಡುತ್ತಾರೆ. ಬಾಡಿಗೆಯವರು ಬಾಗಿಲ ಹತ್ತಿರ ನಿಲ್ಲಬೇಕು. ನಿಂತು ಹೇಳಿದೆ. ಮೆಟ್ಟಿಲ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ, ಎರಡು ವಾರ, ಅಷ್ಟೇ ಅಂದೆ.

ಯಜಮಾನರು ಕೋಪ ಮಾಡಿಕೊಳ್ಳಲಿಲ್ಲ. ಕನ್ನಡಕ ತೆಗೆದು ಒರೆಸಿ, ಕರಾರು ಯಾರ ಹೆಸರಿಗೆ ಅಂತ ಕೇಳಿದರು. ಯಾವ ಕರಾರು ಅಂದೆ. ಅವರ ಜಾಗದಲ್ಲಿ ಯಾರೇ ಉಳಿಯುವುದಾದರೂ ಹನ್ನೊಂದು ತಿಂಗಳ ಕರಾರು ಆಗಬೇಕಂತೆ. ಇಲ್ಲದಿದ್ದರೆ ನಾಳೆ ಬಿಡಿಸುವುದು ಕಷ್ಟವಂತೆ.

"ಅದು ಬೆಕ್ಕು ಯಜಮಾನ್ರೇ. ಕೋರ್ಟಿಗೆ ಹೋಗಲ್ಲ."

"ಬೆಕ್ಕು ಹೋಗಲ್ಲಮ್ಮ. ಅದರ ಪರವಾಗಿ ನೀವು ಹೋಗ್ತೀರ."

ಅದು ನಿಜ, ಹೋಗುತ್ತಿದ್ದೆ. ಆದರೂ ಎರಡೇ ವಾರ ಅಂತ ಮತ್ತೆ ಹೇಳಿದೆ. ಯಜಮಾನರು ಲೋಡಿಗೆ ಒರಗಿದರು.

"ಐವತ್ತು ವರ್ಷದ ಹಿಂದೆ ನಿಮ್ಮಪ್ಪ ನಿಮ್ಮನ್ನ ಕೈ ಹಿಡ್ಕೊಂಡು ಇದೇ ಬಾಗಿಲಲ್ಲಿ ನಿಂತಿದ್ರು. ಅವರೂ ಎರಡೇ ವಾರ ಅಂದಿದ್ರು."

೫. ಬಿಸಿನೀರು

ಹೆರಿಗೆ ಅಂದರೆ ಬಿಸಿನೀರು ಬೇಕು ಅನ್ನುವುದು ವಠಾರದ ತೀರ್ಮಾನ. ಯಾಕೆ ಅಂತ ಕೇಳಿದೆ. ಯಾರಿಗೂ ಗೊತ್ತಿಲ್ಲ. ಡಾಕ್ಟರು ಬೇಡ ಅಂದಿದ್ದಾರೆ ಅಂದೆ. ಅದು ಅವರು ಸಂಕೋಚಕ್ಕೆ ಹೇಳಿರುತ್ತಾರೆ ಅಂದರು. ನಿವೃತ್ತ ಗುಮಾಸ್ತರು ಪಾಳಿಯ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರು: ಯಾವ ಮನೆ ಯಾವ ಹೊತ್ತಿಗೆ ಹಂಡೆ ಕಾಯಿಸಬೇಕು, ಯಾರು ಹೊರಬೇಕು. ನಾನು ಅದೇ ಗೋಡೆಗೆ ಇನ್ನೊಂದು ಚೀಟಿ ಅಂಟಿಸಿದೆ: ಬಸುರಿ ಇದೆ, ಗುಂಪು ಸೇರಬೇಡಿ. ಅದನ್ನು ಓದಲು ಗುಂಪು ಸೇರಿತು. ಎರಡು ಬೀದಿಯಾಚೆಯಿಂದ ಬಂದು ಬಸುರಿ ಯಾವ ಮನೆಯವಳು ಅಂತ ಕೇಳಿದರು.

ವಾರ ಪೂರ್ತಿ ಹಂಡೆ ಕಾಯಿತು. ಬೂದಿಗೆ ನೋವು ಬರಲಿಲ್ಲ. ಕಾದ ನೀರನ್ನು ಚೆಲ್ಲಲು ಯಾರಿಗೂ ಮನಸ್ಸಿಲ್ಲ. ಕೂಲಿ, ರಜೆ, ಘನತೆ ಅಂತ ಜೀವನವೆಲ್ಲ ಕೂಗಿದ ನಾನು ಈ ವಠಾರಕ್ಕೆ ತಂದುಕೊಟ್ಟ ಒಂದೇ ಸುಧಾರಣೆ ಅದು: ಆ ವಾರ ಎಲ್ಲರೂ ದಿನಕ್ಕೆ ಎರಡು ಸಲ ಸ್ನಾನ ಮಾಡಿದರು.

೬. ರಸ್ತೆ ತಡೆ

ಎಂಟನೆಯ ದಿನ ಮಧ್ಯಾಹ್ನ ಬೂದಿ ಕಾಣಿಸಲಿಲ್ಲ.

ಬೆಳಗ್ಗೆ ಊಟ ಮುಟ್ಟಿರಲಿಲ್ಲ. ನೆಲ ಕೆರೆದಿತ್ತು. ನನ್ನ ಮನೆಯ ಪೆಟ್ಟಿಗೆ ನೋಡಿದೆ, ಖಾಲಿ. ಅಜ್ಜಿಯ ಮನೆಯದು ಖಾಲಿ. ಆರೂ ಖಾಲಿ. ಹೆಂಚಿನ ಮೇಲೆ, ಹಂಡೆಯ ಹಿಂದೆ, ನೀರಿನ ಸಂಪಿನ ಪಕ್ಕ, ಎಲ್ಲೂ ಇಲ್ಲ. ಆಮೇಲೆ ನನ್ನ ಕಾಲು ತಾನಾಗಿ ಗೇಟಿನ ಕಡೆ ಹೋಯಿತು.

ಮೋರಿಯೊಳಗೆ ಏನೋ ಸರಿದಾಡಿದ ಸದ್ದು. ಬಗ್ಗಿ ನೋಡಿದೆ, ಕಾಣಲಿಲ್ಲ. ಕೂತು ನೋಡಿದೆ, ಕಾಣಲಿಲ್ಲ. ಕೊನೆಗೆ ರಸ್ತೆಯ ಮೇಲೆ ಬೋರಲು ಮಲಗಿ, ತಲೆಯನ್ನು ಆ ಸಂದಿನೊಳಗೆ ಹಾಕಿ ಮೊಬೈಲಿನ ಬೆಳಕು ಬಿಟ್ಟೆ. ಕತ್ತಲಲ್ಲಿ ಎರಡು ಕಣ್ಣು ಹೊಳೆದವು. ಬೂದೀ ಬೂದೀ ಅಂತ ಕರೆದೆ. ಕಣ್ಣು ಇನ್ನೂ ಒಳಗೆ ಸರಿದವು. ಹೋದ ಸಲದ್ದೇ ಮತ್ತೆ ಆಯಿತಲ್ಲ ಅಂದುಕೊಂಡೆ. ಹನ್ನೊಂದು ಅರ್ಜಿ, ಆರು ಪೆಟ್ಟಿಗೆ, ಆರು ಸಹಿ, ಕೊನೆಗೆ ಅದೇ ಮೋರಿ. ನನ್ನ ಕಣ್ಣಲ್ಲಿ ನೀರು ಬಂತು. ಬಂದದ್ದು ಮೋರಿಗೇ ಬಿತ್ತು.

ತಲೆ ಒಳಗಿದ್ದುದರಿಂದ ಹೊರಗೇನಾಯಿತು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ನನ್ನ ಕಾಲು ರಸ್ತೆಯ ನಡುವಿನವರೆಗೆ ಚಾಚಿತ್ತು. ಮೊದಲು ಒಂದು ಆಟೋ ನಿಂತಿತು, ಅದರ ಹಿಂದೆ ಶಾಲೆಯ ವ್ಯಾನು, ಅದರ ಹಿಂದೆ ಮಾರ್ಕೆಟ್ಟಿನ ಹೂವಿನ ಟೆಂಪೋ. ನಮ್ಮ ಬೀದಿಯಲ್ಲಿ ನಾನು ಮಲಗಿದ್ದೇನೆ ಅಂದರೆ ಅದಕ್ಕೆ ಒಂದೇ ಅರ್ಥ. ಅಕ್ಕ ರಸ್ತೆ ತಡೆ ಮಾಡಿದ್ದಾರೆ ಅಂತ ಸುದ್ದಿ ಹೋಯಿತು. ವಠಾರದವರೆಲ್ಲ ಹೊರಗೆ ಬಂದರು. ಯಜಮಾನರ ಮನೆಯವರು, ಅಡಿಗೆಯವಳು, ಮಧ್ಯಾಹ್ನದ ಊಟಕ್ಕೆ ಅಂಗಡಿಯಿಂದ ಬಂದಿದ್ದ ಯಜಮಾನರು, ಎಲ್ಲರೂ ಬಾಗಿಲು ತೆರೆದಿಟ್ಟು ಬಂದು ನಿಂತರು. ನಿವೃತ್ತ ಗುಮಾಸ್ತರು ನನ್ನ ಪಕ್ಕ ಕೂತು ಘೋಷಣೆಯನ್ನೂ ಶುರು ಮಾಡಿದರಂತೆ. ಯಾವ ವಿಷಯಕ್ಕೆ ಅಂತ ಯಾರನ್ನೂ ಕೇಳದೆ.

ಯಾರೋ ವಾರ್ಡ್ ಆಫೀಸಿಗೆ ಫೋನ್ ಮಾಡಿದರು. ಅವತ್ತೇ ಅಲ್ಲಿ ಮೇಲಧಿಕಾರಿಗಳ ತಪಾಸಣೆ. ಇಂಜಿನಿಯರು ಸ್ಕೂಟರಿನಲ್ಲಿ ಹಾರಿ ಬಂದರು, ಹಿಂದೆಯೇ ಒಂದು ಟ್ರ್ಯಾಕ್ಟರು. ಬೇರೆ ಯಾವುದೋ ರಸ್ತೆಗೆ ಹೋಗುತ್ತಿದ್ದ ಚಪ್ಪಡಿಯನ್ನು ಅರ್ಧ ದಾರಿಯಲ್ಲಿ ತಿರುಗಿಸಿ ತಂದಿದ್ದರು. ಹನ್ನೊಂದು ಅರ್ಜಿಗೆ ಬಾರದ ಚಪ್ಪಡಿ ಅರ್ಧ ಗಂಟೆಯಲ್ಲಿ ನನ್ನ ತಲೆಯ ಪಕ್ಕ ಬಂದು ನಿಂತಿತು. ನಾಲ್ಕು ಜನ ಎತ್ತಿದರು.

"ಅಕ್ಕ, ಸ್ವಲ್ಪ ತಲೆ ತೆಗೀರಿ, ಮುಚ್ಚಿಬಿಡ್ತೀವಿ," ಅಂದರು ಇಂಜಿನಿಯರು.

ಬೂದಿ ಒಳಗಿದೆ. ಮರಿ ಹಾಕುತ್ತಿದೆ. ಮುಚ್ಚಿದರೆ ಮುಗಿಯಿತು. ನಾನು ಎದ್ದು ಆ ಸಂದಿನ ಮೇಲೆಯೇ ಕೂತುಬಿಟ್ಟೆ.

"ಮುಚ್ಚಕ್ಕೆ ಬಿಡಲ್ಲ. ನನ್ನ ಹೆಣದ ಮೇಲೆ ಹಾಕಿ," ಅಂದೆ.

ಇಂಜಿನಿಯರು ಮೊಬೈಲ್ ತೆಗೆದು ನನ್ನ ಹನ್ನೊಂದನೇ ಅರ್ಜಿ ಓದಿದರು. ಚಪ್ಪಡಿ ಹಾಕದಿದ್ದರೆ ಉಗ್ರ ಹೋರಾಟ ಅಂತ ನಾನೇ ಬರೆದಿದ್ದೆ. ಅವರು ಒಂದು ಸಲ ಅದನ್ನು ನೋಡಿದರು, ಒಂದು ಸಲ ನನ್ನನ್ನು. ಬೆಕ್ಕಿನ ವಿಷಯ ಹೇಳಲು ಹೋದೆ, ಅಷ್ಟರಲ್ಲಿ ಗುಮಾಸ್ತರ ಘೋಷಣೆಗೆ ಶಾಲೆಯ ವ್ಯಾನಿನ ಮಕ್ಕಳೆಲ್ಲ ದನಿಗೂಡಿಸಿದರು, ಒಂದಕ್ಷರವೂ ಕೇಳಿಸಲಿಲ್ಲ. ಇಂಜಿನಿಯರು ಜೋಪಾನವಾಗಿ ಒಂದು ಕಾಗದ ಮುಂದಿಟ್ಟರು, ಕೆಲಸ ನಿಲ್ಲಿಸಿದ್ದಕ್ಕೆ ಒಂದು ಸಹಿ. ಓದದೆ ಯಾವುದಕ್ಕೂ ಸಹಿ ಹಾಕಬೇಡಿ ಅಂತ ಕಾರ್ಖಾನೆಯ ಹೆಂಗಸರಿಗೆ ಮೂವತ್ತು ವರ್ಷ ಹೇಳಿಕೊಟ್ಟವಳು ನಾನು. ಓದದೆ ಹಾಕಿದೆ. ಅವರು ಹೋದರೆ ಸಾಕಿತ್ತು.

ಟ್ರ್ಯಾಕ್ಟರು ಚಪ್ಪಡಿ ಸಮೇತ ತಿರುವು ದಾಟಿತು. ಆಗ ಮೋರಿಯಿಂದ ಆ ಎರಡು ಕಣ್ಣು ಮೇಲೆ ಬಂದವು. ಹೆಗ್ಗಣ. ನನ್ನ ಪಾದದ ಮೇಲೆ ಹತ್ತಿ, ಆಚೆ ಇಳಿದು, ನಿಧಾನವಾಗಿ ನಡೆದುಕೊಂಡು ಹೋಯಿತು.

ಅದೇ ಹೊತ್ತಿಗೆ ಮುಂದಿನ ಮನೆಯೊಳಗಿಂದ ಯಜಮಾನರು ನನ್ನನ್ನು ಕರೆದರು. ಆ ದನಿ ನಾನು ಐವತ್ತು ವರ್ಷದಲ್ಲಿ ಕೇಳಿರಲಿಲ್ಲ. ಒಳಗೆ ಓಡಿದೆ. ಬಿಳಿ ಗಾದಿಯ ನಟ್ಟನಡುವೆ, ಲೋಡಿಗೆ ಒರಗಿಕೊಂಡು, ಬೂದಿ. ಹೊಟ್ಟೆಯ ಹತ್ತಿರ ನಾಲ್ಕು ಮರಿ, ಇನ್ನೂ ಒದ್ದೆ. ಎಲ್ಲರೂ ನನ್ನ ರಸ್ತೆ ತಡೆ ನೋಡಲು ಹೊರಗೆ ಹೋಗಿದ್ದರಲ್ಲ, ಇಡೀ ವಠಾರದಲ್ಲಿ ಜನ ಇಲ್ಲದ, ಸದ್ದಿಲ್ಲದ ಜಾಗ ಅದೊಂದೇ. ಡಾಕ್ಟರಮ್ಮ ಹೇಳಿದಂತೆಯೇ ಬೂದಿ ಮಾಡಿಕೊಂಡಿತ್ತು. ಯಜಮಾನರು ತಮ್ಮ ಹಾಲಿನಲ್ಲಿ ತಾವು ಎಲ್ಲಿ ಕೂರಬೇಕು ಗೊತ್ತಾಗದೆ ಬಾಗಿಲ ಹತ್ತಿರ ನಿಂತಿದ್ದರು. ಬಾಡಿಗೆಯವರು ನಿಲ್ಲುವ ಜಾಗದಲ್ಲಿ. ಅಜ್ಜಿ ಹಿಂದಿನಿಂದ ಬಂದು ನೋಡಿ, ಏಳನೇ ಮನೆಯಿಂದ ಶುರು ಮಾಡಿದೆ, ಇನ್ನು ಆರೇ ಬಾಕಿ ಅಂದಳು. ಕಾದ ನೀರು ಎಲ್ಲಿ ಅಂತಲೂ ಕೇಳಿದಳು. ಆ ದಿನ ಮಾತ್ರ ಯಾರೂ ಕಾಯಿಸಿರಲಿಲ್ಲ.

ಬೂದಿ ಮರಿಗಳನ್ನು ಎಲ್ಲೂ ತಿರುಗಿಸಲಿಲ್ಲ. ಅಂಥ ಗಾದಿ ಬಿಟ್ಟು ನನ್ನ ರಟ್ಟಿನ ಪೆಟ್ಟಿಗೆಗೆ ಯಾಕೆ ಬರುತ್ತದೆ? ಮೂರು ವಾರದಲ್ಲಿ ಮರಿಗಳು ತೊಡರುಗಾಲು ಹಾಕುತ್ತಾ ಯಜಮಾನರ ಹೊಸಿಲಿಗೆ ಬರತೊಡಗಿದವು. ಹೊಸಿಲಿನಿಂದ ಗೇಟಿಗೆ ಎಂಟು ಹೆಜ್ಜೆ, ಗೇಟಿನಿಂದ ಮೋರಿಗೆ ಎರಡು. ಆಗ ಯಜಮಾನರಿಗೆ ಮೋರಿ ಕಾಣಿಸಿತು. ಅಂಗಡಿಯ ಹಳೆಯ ಕಬ್ಬಿಣದ ಬೋರ್ಡನ್ನು ತಂದು ಅದರ ಮೇಲೆ ಹಾಕಿ, ಯಾರೂ ಒಯ್ಯದಂತೆ ಗೇಟಿಗೆ ಸರಪಳಿಯಲ್ಲಿ ಬಿಗಿದು, ಸಂಜೆ ಹೊತ್ತು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ತಾವೇ ಕೂತರು. ಒಂದು ಮರಿಯೂ ಹೋಗಲಿಲ್ಲ. ಅಷ್ಟನ್ನು ಒಪ್ಪಿಕೊಳ್ಳುತ್ತೇನೆ.

ಆದರೆ ಬೋರ್ಡು ತುಕ್ಕು ಹಿಡಿಯುತ್ತಿದೆ, ಚಪ್ಪಡಿ ಬೇಕು. ಯಜಮಾನರು ಜೀವನದಲ್ಲಿ ಮೊದಲ ಸಲ ನನ್ನ ಮನೆಗೆ ಬಂದು ಅರ್ಜಿ ಬರೆಯುವುದು ಹೇಗೆ ಅಂತ ಕೇಳಿದರು. ಗೆ, ಇಂದ, ವಿಷಯ, ಎಲ್ಲ ಹೇಳಿಕೊಟ್ಟೆ. ಚಂದದ ಅಕ್ಷರದಲ್ಲಿ ಬರೆದು ಕೊಟ್ಟು ಬಂದರು. ನನಗೆ ಹನ್ನೊಂದಕ್ಕೂ ಬಾರದ ಕಾಗದದ ಉತ್ತರ ಅವರಿಗೆ ನಾಲ್ಕೇ ದಿನದಲ್ಲಿ ಬಂತು. ಅದನ್ನು ಹಿಡಿದುಕೊಂಡು ಮತ್ತೆ ನನ್ನ ಬಾಗಿಲಿಗೆ ಬಂದರು, ಒಂದು ಮರಿ ಹೆಗಲ ಮೇಲಿತ್ತು. ನನ್ನ ಕೈಗೆ ಕಾಗದ ಕೊಟ್ಟರು.

ಸದರಿ ಮೋರಿಯನ್ನು ಮುಚ್ಚುವುದಕ್ಕೆ ಸ್ಥಳೀಯ ಹೋರಾಟಗಾರರೊಬ್ಬರ ತೀವ್ರ ವಿರೋಧವಿದ್ದು, ಅವರು ರಸ್ತೆ ತಡೆ ನಡೆಸಿದ ಕಾರಣ ಅವರ ಬೇಡಿಕೆಯನ್ನು ಸಂಪೂರ್ಣವಾಗಿ ಈಡೇರಿಸಲಾಗಿದೆ ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿ.

ಯಜಮಾನರು ಕೈ ಮುಗಿದರು. "ಅಮ್ಮಾ, ದೊಡ್ಡ ಮನಸ್ಸು ಮಾಡಿ ಆ ಹೋರಾಟ ಒಂದನ್ನ ವಾಪಸ್ ತಗೊಂಡುಬಿಡಿ."

ಹೇಗೆ ತಗೊಳ್ಳಲಿ? ನಲವತ್ತು ವರ್ಷದಲ್ಲಿ ನಾನು ಗೆದ್ದದ್ದು ಅದೊಂದೇ.